ಎಡಕ್ಕೆ ಇಪ್ಪತ್ತೊಂದಡಿ, ಬಲಕ್ಕೆ ಹತ್ತೊಂಬತ್ತೂವರೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದೋಣಿಯನ್ನು ನಾನು ಅಳೆಯಲಿಲ್ಲ. ಟೇಪು ನನ್ನ ಕೈಯಲ್ಲಿತ್ತು. ದೋಣಿ ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿಯಲ್ಲಿತ್ತು. ಅಳೆಯಲು ಹನ್ನೊಂದು ದಿನ ಸಮಯವಿತ್ತು. ಇಷ್ಟೆಲ್ಲ ಅನುಕೂಲ ಇದ್ದೂ ಒಂದು ಕೆಲಸ ಮಾಡದೆ ಉಳಿಯಬೇಕಾದರೆ ಅದಕ್ಕೆ ವಿಶೇಷ ಪ್ರತಿಭೆ ಬೇಕು. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಲ್ಲಿ ಅಂಥ ಪ್ರತಿಭೆ ಇದೆ ಎಂದು ಯಾರೂ ಎಣಿಸಿರಲಿಲ್ಲ!

ನನ್ನ ಅಣ್ಣ ವಾಸು ಕೊಪ್ಪದಲ್ಲಿ ಟೈಲರ್. ಅಳತೆ ಎಂದರೆ ಅವನಿಗೆ ದೇವರ ಮಾತು. ಒಮ್ಮೆ ಒಬ್ಬ ಗಿರಾಕಿಯ ಬಲಗೈ ಎಡಗೈಗಿಂತ ಒಂದು ಇಂಚು ಉದ್ದ ಇತ್ತಂತೆ. ಅಣ್ಣ ಅಂಗಿಯ ಬಲತೋಳನ್ನೂ ಒಂದು ಇಂಚು ಉದ್ದವೇ ಹೊಲಿದ. ಗಿರಾಕಿಯ ಹೆಂಡತಿ ಅಂಗಿಯನ್ನು ಒಣಹಾಕುವಾಗ ನೋಡಿದವಳೇ ಅಂಗಡಿಗೆ ಬಂದು ಜಗಳ ತೆಗೆದಳು. ಅಣ್ಣ ಗಂಡನನ್ನೇ ಕರೆಸಿ, ಎರಡೂ ಕೈ ಚಾಚಿ ನಿಲ್ಲಿಸಿ, ಟೇಪು ಹಿಡಿದು ತೋರಿಸಿದ. ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನ ಕೈ ಒಂದು ಉದ್ದ ಒಂದು ಗಿಡ್ಡ ಎಂದು ಅವತ್ತೇ ಗೊತ್ತಾಯಿತು! "ಮೈ ಹೆಂಗಿದ್ಯೋ ಹಂಗೆ ಬಟ್ಟೆ ಅಕ್ಕ. ತಿದ್ದಕ್ಕೆ ನಾನ್ಯಾರು?" ಎಂದು ಅಣ್ಣ ಕೈಮುಗಿದನಂತೆ. ಈ ಮಾತನ್ನು ನಾನು ಆಗಲೇ ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಹೊಲಿಗೆ ಬಿಟ್ಟರೆ ಅವನಿಗೆ ಒಂದೇ ಹುಚ್ಚು. ಸಣ್ಣ ಸಣ್ಣ ದೋಣಿ ಕಟ್ಟುವುದು. ಆಟಿಕೆ ಎಂದೀರಿ, ಜೋಕೆ! ಹಾಗೆಂದವರ ಪ್ಯಾಂಟು ಮೂರು ವಾರ ತಡವಾಗುತ್ತದೆ. ನಿಜವಾದ ದೋಣಿಯ ಒಂದು ಅಡಿಗೆ ಇವನದ್ದು ಒಂದು ಇಂಚು. ಬಡಗಿಗಳ ಹತ್ತಿರ ಬೇಡಿ ತಂದ ಮರದ ಚಕ್ಕೆಯನ್ನು ಬ್ಲೇಡಿನಲ್ಲಿ ಹೆರೆದು, ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿ, ಒಂದೊಂದೇ ಹಲಗೆ ಕೂಡಿಸುತ್ತಾನೆ. ಗುಂಡುಪಿನ್ನಿನ ತಲೆ ಕತ್ತರಿಸಿ ಮೊಳೆ ಹೊಡೆಯುತ್ತಾನೆ. ನಿಜವಾದ ದೋಣಿಯಲ್ಲಿ ನೂರ ನಲವತ್ತು ಮೊಳೆ ಇದ್ದರೆ ಇವನದರಲ್ಲೂ ನೂರ ನಲವತ್ತು. ಒಂದು ಕಡಿಮೆಯಾದರೆ ಅವತ್ತು ಊಟ ಸೇರುವುದಿಲ್ಲ.

ಇವನಿಗೆ ತಕ್ಕ ಜೊತೆ ಶೃಂಗೇರಿಯ ಸದಾನಂದ. ಅವರದ್ದು ವಾಚ್ ರಿಪೇರಿ ಅಂಗಡಿ. ಕೆಟ್ಟ ಗಡಿಯಾರಗಳ ಹಲ್ಲುಚಕ್ರ ಕೂಡಿಸಿ ಗಾಳಿಯಂತ್ರ ಕಟ್ಟುತ್ತಾರೆ. ಆದರೆ ನಿಜವಾದ ಗಾಳಿಯಂತ್ರ ಒಂದನ್ನೂ ಅವರು ಕಣ್ಣಾರೆ ಕಂಡವರಲ್ಲ. ಹಳೆಯ ಕ್ಯಾಲೆಂಡರಿನಲ್ಲಿ ಹೂವಿನ ಹೊಲದ ನಡುವೆ ನಿಂತಿದ್ದ ಪರದೇಶದ ಗಾಳಿಯಂತ್ರವೇ ಅವರ ಗುರು. ಆ ಚಿತ್ರದಲ್ಲಿ ಯಂತ್ರದ ಹಿಂಭಾಗ ಕಾಣುವುದಿಲ್ಲ. ಆದ್ದರಿಂದ ಸದಾನಂದರು ಕಟ್ಟಿದ ಯಾವ ಯಂತ್ರಕ್ಕೂ ಹಿಂಭಾಗವೇ ಇಲ್ಲ!

ಭಾನುವಾರ ಅವರು ಬಸ್ಸು ಹತ್ತಿ ಕೊಪ್ಪಕ್ಕೆ ಬಂದರೆಂದರೆ ಮುಗಿಯಿತು. ಬಟ್ಟೆ ಕತ್ತರಿಸುವ ಮೇಜಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು.

"ವಾಸಣ್ಣ, ನಿಮ್ಮ ದೋಣಿ ನೀರು ಕಾಣೋದು ಯಾವಾಗ ಮಾರಾಯ್ರೆ?"

"ನಿಮ್ಮ ಯಂತ್ರ ಗಾಳಿ ಕಂಡ ದಿನ ಹೇಳಿ. ಅವತ್ತೇ ಇದನ್ನ ನೀರಿಗೆ ಬಿಡ್ತೀನಿ."

ನನ್ನನ್ನು ಕೊಟ್ಟದ್ದು ನರಸಿಂಹರಾಜಪುರಕ್ಕೆ. ನಮ್ಮನೆಯವರದ್ದು ಹಿಟ್ಟಿನ ಗಿರಣಿ. ಊರಾಚೆ ಭದ್ರಾ ಹಿನ್ನೀರು. ಅಲ್ಲಿ ದುಗ್ಗಪ್ಪಣ್ಣ ಎಂಬವರು ಮೂವತ್ತು ವರ್ಷ ಜನರನ್ನು ದೋಣಿಯಲ್ಲಿ ದಾಟಿಸಿದವರು. ನಾನು ಹೇಳುವುದು ಎರಡು ಸಾವಿರದ ಮೂರೋ ನಾಲ್ಕೋ ಇಸವಿಯ ಮಾತು. ಆ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ದೋಣಿಗೂ ವಯಸ್ಸಾಗಿತ್ತು. ಮಳೆಗಾಲಕ್ಕೆ ಮುಂಚೆ ದೋಣಿ ಒಡೆದು ಮರ ಮಾರುವುದು, ಅವರು ಕಮ್ಮರಡಿಯಲ್ಲಿ ಮಗಳ ಮನೆ ಸೇರುವುದು ಎಂದು ತೀರ್ಮಾನವಾಯಿತು. ಹೋಗುವಾಗ ಕೊಪ್ಪದಲ್ಲಿ ಇಳಿದು ಅಣ್ಣನ ಅಂಗಡಿಗೆ ಬಂದರಂತೆ.

"ವಾಸಣ್ಣ, ಅದನ್ನ ಒಡೆಯೋದು ನೋಡಕ್ಕೆ ನಂಗಾಗಲ್ಲ. ನೀನು ಅದರದ್ದೊಂದು ಮರಿ ಮಾಡ್ಕೊಡು. ಕಣ್ಣೆದುರು ಇಟ್ಕೊಂಡಿರ್ತೀನಿ."

ಅಣ್ಣ ಹತ್ತು ವರ್ಷದಿಂದ ದೋಣಿ ಕಟ್ಟುತ್ತಿದ್ದ. ಒಂದು ಮಾಡಿಕೊಡು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವನು ಕೂಡಲೇ ಒಪ್ಪಿಕೊಂಡನಂತೆ. ಆದರೆ ಆಗ ಮದುವೆ ಕಾಲ. ಮೂರು ಮದುವೆಯ ರವಿಕೆ, ಎರಡು ಮದುಮಕ್ಕಳ ಸೂಟು ಅವನ ತಲೆಯ ಮೇಲಿದ್ದವು. ಮಿಷನ್ ಬಿಟ್ಟು ಏಳುವ ಹಾಗಿರಲಿಲ್ಲ. ನನ್ನನ್ನು ಕರೆಸಿ ಒಂದು ಟೇಪು, ಒಂದು ನೋಟುಪುಸ್ತಕ ಕೊಟ್ಟ. ಪುಸ್ತಕದಲ್ಲಿ ದೋಣಿಯ ಚಿತ್ರ ಬರೆದು ಇಪ್ಪತ್ತೆರಡು ಕಡೆ ಗುರುತು ಹಾಕಿದ್ದ.

"ಇಷ್ಟೂ ಕಡೆ ಅಳೀಬೇಕು ಸರೋಜ. ಅಂದಾಜು ಮಾಡ್ಬೇಡ. ಆಗುತ್ತಲ್ಲ?"

"ಇದೇನು ಮಹಾ ಕೆಲಸ! ನಾನೇನು ಚಿಕ್ಕ ಮಗುವಾ?" ಎಂದೆ.

ಚಿಕ್ಕ ಮಗುವಿನ ಕೈಯಲ್ಲಿ ಕೊಟ್ಟಿದ್ದರೆ ಕೆಲಸ ಆಗುತ್ತಿತ್ತು.

ಮೊದಲ ದಿನ ಟೇಪು ಹಿಡಿದು ಹೊರಟೆ. ದಾರಿಯಲ್ಲಿ ಹಪ್ಪಳ ಒತ್ತುತ್ತಿದ್ದವರ ಜಗಲಿ ಸಿಕ್ಕಿತು. ಒಂದು ಹಪ್ಪಳ ಒತ್ತಿ ಹೋಗೋಣ ಎಂದು ಕೂತವಳು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಎರಡನೇ ದಿನ ದೋಣಿಯವರೆಗೂ ಹೋದೆ, ಟೇಪು ಮನೆಯಲ್ಲಿತ್ತು. ಮೂರನೇ ದಿನ ಟೇಪು ಇತ್ತು, ಬಿಸಿಲಿತ್ತು. ನಾಲ್ಕನೇ ದಿನ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕುವುದಿತ್ತು. ಅಂಥ ಸಮಯದಲ್ಲಿ ಮನೆ ಬಿಟ್ಟು ಹೋಗುವುದು ಮನುಷ್ಯತ್ವವೇ? ವಿಷ ಹಾಕಲು ಆ ಅತ್ತೆ ಎಂಟು ದಿನ ತೆಗೆದುಕೊಂಡಳು. ನನ್ನ ತಪ್ಪಲ್ಲ.

ಹನ್ನೆರಡನೇ ದಿನ ಗಟ್ಟಿ ಮನಸ್ಸು ಮಾಡಿ ನೀರಿನ ದಡಕ್ಕೆ ಹೋದೆ. ದೋಣಿ ಇದ್ದ ಜಾಗದಲ್ಲಿ ಒಂದಿಷ್ಟು ಮರದ ಚೂರು, ನಾಲ್ಕು ತುಕ್ಕು ಹಿಡಿದ ಮೊಳೆ ಬಿದ್ದಿದ್ದವು. ಪಕ್ಕದ ಚಹಾದಂಗಡಿಯವನು ಲೋಟ ತೊಳೆಯುತ್ತಾ ಹೇಳಿದ: "ನಿನ್ನೆನೇ ಒಡೆದು ಲಾರಿಗೆ ಹಾಕಿದ್ರಲ್ಲ ಅಕ್ಕ. ಎಂತ, ಹೊಳೆ ದಾಟ್ಬೇಕಿತ್ತಾ?"

ನಾನು ಮೊಳೆಯನ್ನಾದರೂ ಅಳೆಯೋಣ ಎಂದು ಒಂದು ಕ್ಷಣ ಯೋಚಿಸಿದೆ.

ಅವತ್ತೇ ಸಂಜೆ ಗಿರಣಿಯ ಫೋನು ಹೊಡೆದುಕೊಂಡಿತು. ಅಣ್ಣ.

"ಅಳೆದ್ಯಾ?"

ಇಲ್ಲಿ ಇಲ್ಲ ಎನ್ನಬೇಕಿತ್ತು. ಎರಡೇ ಅಕ್ಷರ. ನನ್ನ ಬಾಯಿ ಒಂದೇ ಅಕ್ಷರದಲ್ಲಿ ಮುಗಿಸಿತು: "ಹೂಂ!"

"ಭೇಷ್! ಹೇಳು, ಬರ್ಕೊಳ್ತೀನಿ. ಎಡಗಡೆ ಉದ್ದ ಎಷ್ಟು?"

"ತಡಿ ಅಣ್ಣ, ಪುಸ್ತಕ ತರ್ತೀನಿ" ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಕಣ್ಣಾಡಿಸಿದೆ. ಎದುರಿಗೆ ಗಿರಣಿಯ ಜಗಲಿ ಕಂಡಿತು. ದೋಣಿಯಷ್ಟೇ ಉದ್ದ ಇರಬಹುದು ಅನ್ನಿಸಿತು. ಟೇಪು ಹಿಡಿದು ಮಂಡಿಯೂರಿ ಅಳೆದೆ. ಇಪ್ಪತ್ತೊಂದು ಅಡಿ. ಓಡಿ ಬಂದು ಹೇಳಿದೆ.

"ಬಲಗಡೆ?"

ಬುದ್ಧಿ ಇದ್ದವಳಾಗಿದ್ದರೆ ಅಷ್ಟೇ ಎನ್ನುತ್ತಿದ್ದೆ. ಆದರೆ ಅಂದಾಜು ಮಾಡಬೇಡ ಎಂದು ಅಣ್ಣ ಹೇಳಿದ್ದನಲ್ಲ! ಸುಳ್ಳನ್ನೂ ಪ್ರಾಮಾಣಿಕವಾಗಿ ಹೇಳಬೇಕೆಂದು ಮತ್ತೆ ಅದೇ ಜಗಲಿ ಅಳೆದೆ. ಅಷ್ಟರಲ್ಲಿ ಯಾರೋ ರಾಗಿ ಮೂಟೆ ತಂದು ಜಗಲಿಯ ತುದಿಗೆ ಇಟ್ಟಿದ್ದರು. ಟೇಪು ಮೂಟೆಗೆ ತಾಗಿ ನಿಂತಿತು. ಹತ್ತೊಂಬತ್ತೂವರೆ.

ಅಣ್ಣ ಅದನ್ನೂ ಬರೆದುಕೊಂಡ. "ಮುಂದಿನ ಮೂತಿ ಎತ್ತರ?"

ನಮ್ಮನೆಯವರು ಅಲ್ಲೇ ಹಿಟ್ಟು ತೂಗುತ್ತಾ ನಿಂತಿದ್ದರು. ಟೇಪಿನ ತುದಿಯನ್ನು ಅವರ ಕಾಲಡಿ ಹಾಕಿ ಮೇಲಕ್ಕೆ ಎಳೆದೆ.

"ಏ, ಎಂತದೇ ಇದು? ನಂಗೆ ಪ್ಯಾಂಟು ಹೊಲಿಸ್ತೀಯಾ?"

"ಅಲ್ಲಾಡ್ಬೇಡಿ ಮಾರಾಯ್ರೆ! ನೀವೀಗ ದೋಣಿ!"

ಕುತ್ತಿಗೆಯವರೆಗೆ ನಾಲ್ಕು ಅಡಿ ಒಂಬತ್ತು ಇಂಚು. ಹೀಗೆ ಇಪ್ಪತ್ತೆರಡೂ ಅಳತೆ ಮುಗಿದವು. ದೋಣಿಯ ಆಳಕ್ಕೆ ಅಕ್ಕಿ ಪೆಟ್ಟಿಗೆ, ಕೂರುವ ಹಲಗೆಗೆ ತಕ್ಕಡಿ ಮೇಜು, ಹುಟ್ಟಿಗೆ ಜೇಡರಬಲೆ ತೆಗೆಯುವ ಕೋಲು. ರಿಸೀವರ್ ಇಟ್ಟಾಗ ನಮ್ಮನೆಯವರು ಹಿಟ್ಟು ಮೆತ್ತಿದ ಹುಬ್ಬು ಎತ್ತಿ ಕೇಳಿದರು: "ನಿನ್ನಣ್ಣ ಈಗ ದೋಣಿ ಕಟ್ತಾನೋ, ನಮ್ಮನೆ ಕಟ್ತಾನೋ?"

ಮಾರನೇ ದಿನ ಮತ್ತೆ ಫೋನು.

"ಸರೋಜ, ಒಂದು ಕಡೆ ಒಂದೂವರೆ ಅಡಿ ಕಮ್ಮಿ ಬರ್ತದಲ್ಲ. ಸರಿ ನೋಡಿದ್ಯಾ?"

"ಎರಡು ಸಲ ಅಳೆದಿದೀನಿ ಅಣ್ಣ" ಎಂದೆ. ಜಗಲಿಯನ್ನು ಎರಡು ಸಲ ಅಳೆದದ್ದು ನಿಜ. "ನೀರಲ್ಲಿ ಮೊಣಕಾಲುಮಟ ನಿಂತ್ಕೊಂಡು ಅಳೆದಿದೀನಿ."

ಈ ನೀರು ಎಲ್ಲಿಂದ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಣ್ಣ ನಿಟ್ಟುಸಿರು ಬಿಟ್ಟ. "ಪಾಪ ಕಣೆ. ದುಗ್ಗಪ್ಪಣ್ಣ ಮೂವತ್ತು ವರ್ಷ ಒಂದೇ ಕಡೆ ನಿಂತು ಹುಟ್ಟು ಹಾಕಿದ್ದಾರೆ. ಅದರ ಭಾರಕ್ಕೆ ದೋಣಿಗೆ ಒಂದು ಭುಜ ಇಳಿದಿದೆ. ನಮ್ಮ ಗಿರಾಕಿಗಳಿಗೂ ಹಾಗೇ ಆಗ್ತದೆ. ಮೂಟೆ ಹೊರೋರಿಗೆ ಒಂದು ಭುಜ ಕೆಳಗೆ." ಆಮೇಲೆ ಭಕ್ತಿಯಿಂದ ಹೇಳಿದ: "ಮೈ ಹೆಂಗಿದ್ಯೋ ಹಂಗೇ ಹೊಲಿಯೋದು!"

ನನಗೆ ಅವತ್ತು ರಾತ್ರಿ ಅನ್ನ ಇಳಿಯಲಿಲ್ಲ. ಎರಡೇ ಸಲ ಬಡಿಸಿಕೊಂಡೆ.

ದಸರಾ ರಜೆಗೆ ಕೊಪ್ಪಕ್ಕೆ ಹೋದಾಗ ದೋಣಿ ಮುಗಿಯುತ್ತಾ ಬಂದಿತ್ತು. ದೇವರೇ! ಅಂಥ ಚಂದದ ಕೆಲಸವನ್ನು ನಾನು ಕಂಡಿಲ್ಲ. ಅಂಥ ಸೊಟ್ಟ ದೋಣಿಯನ್ನೂ ಕಂಡಿಲ್ಲ. ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗಿತ್ತು. ಮೂತಿ ನಮ್ಮನೆಯವರ ಹಾಗೆ ಸೆಟೆದು ನಿಂತಿತ್ತು. ಪ್ರತಿ ಮೊಳೆಯೂ ಸಾಲಾಗಿ, ಪ್ರತಿ ಹಲಗೆಯೂ ಕೂದಲು ತೂರದಷ್ಟು ಬಿಗಿಯಾಗಿ ಕೂತಿದ್ದವು. ಸೊಟ್ಟ ಹಲಗೆಯನ್ನು ಬಗ್ಗಿಸಲಿಕ್ಕೇ ಅಣ್ಣ ಎರಡು ತಿಂಗಳು ಇಸ್ತ್ರಿ ಪೆಟ್ಟಿಗೆಯ ಹಬೆ ಹಿಡಿದಿದ್ದನಂತೆ. ಕೈಯ ಎರಡು ಬೆರಳು ಸುಟ್ಟು ಬೊಬ್ಬೆ ಎದ್ದಿದ್ದವು.

ದೋಣಿಯ ಕೆಳಗೆ ಒಂದು ಹಿತ್ತಾಳೆ ತಗಡು. ಸದಾನಂದರ ಕೈಯಲ್ಲಿ ಅಕ್ಷರ ಕೆತ್ತಿಸಿದ್ದ: "ಅಳತೆ: ಶ್ರೀಮತಿ ಸರೋಜ, ನರಸಿಂಹರಾಜಪುರ."

"ನನ್ನ ಹೆಸರು ಯಾಕಣ್ಣ? ತೆಗೆದುಬಿಡು!"

"ನೋಡಿ ಸದಾನಂದ್ರೆ, ಎಷ್ಟು ಸಂಕೋಚ!" ಎಂದು ಅಣ್ಣ ಹೆಮ್ಮೆಯಿಂದ ನಕ್ಕ.

ಸದಾನಂದರು ಮೊದಮೊದಲು ಆ ದೋಣಿಯನ್ನು ನೋಡಿ ಗೇಲಿ ಮಾಡಿದ್ದರಂತೆ. "ಇದು ಹೊಳೆ ದಾಟಲ್ಲ ವಾಸಣ್ಣ, ಹೊರಟಲ್ಲಿಗೇ ವಾಪಸ್ ಬರ್ತದೆ" ಎಂದಿದ್ದರಂತೆ. ಅಣ್ಣ ಬಿಡಲಿಲ್ಲ. ನನ್ನ ತಂಗಿ ನೀರಲ್ಲಿ ನಿಂತು ಅಳೆದದ್ದು, ನೀವು ಕ್ಯಾಲೆಂಡರ್ ನೋಡಿದವರು ಎಂದುಬಿಟ್ಟ. ಆ ಮಾತು ಅವರಿಗೆ ನಾಟಿತು. ನಿಜವಾದ ವಸ್ತು ಯಾವತ್ತೂ ನೇರ ಇರುವುದಿಲ್ಲ, ಚಿತ್ರದಲ್ಲಿ ಮಾತ್ರ ನೇರ ಎಂದು ಜ್ಞಾನೋದಯವಾಗಿ, ತಮ್ಮ ಹೊಸ ಗಾಳಿಯಂತ್ರದ ನಾಲ್ಕು ರೆಕ್ಕೆಗಳಲ್ಲಿ ಒಂದನ್ನು ಬೇಕೆಂದೇ ಗಿಡ್ಡ ಮಾಡಿದ್ದರು! ಅದನ್ನು ತೋರಿಸಲು ಅವತ್ತು ತಂದಿದ್ದರು.

"ನೋಡಿ ಸರೋಜಕ್ಕ, ನಿಮ್ಮಿಂದ ಕಲಿತದ್ದು" ಎಂದು ಟೇಬಲ್ ಫ್ಯಾನಿನ ಗುಂಡಿ ಒತ್ತಿದರು.

ಯಂತ್ರ ಮೊದಲು ತಲೆ ಅಲ್ಲಾಡಿಸಿತು. ಆಮೇಲೆ ಮೈ ಅಲ್ಲಾಡಿಸಿತು. ಆಮೇಲೆ ಕುಂಟುತ್ತಾ ಮೇಜಿನ ಮೇಲೆ ನಡೆಯಲು ಶುರುಮಾಡಿತು. ಗಾಳಿಯಂತ್ರ ನಡೆದದ್ದನ್ನು ಕಂಡವರು ಈ ಸೀಮೆಯಲ್ಲಿ ನಾವು ಮೂವರೇ ಇರಬೇಕು! "ಹಿಡೀರಿ, ಹಿಡೀರಿ!" ಎಂದು ಇಬ್ಬರೂ ಎರಡು ಕಡೆಯಿಂದ ಕೂಗಿದರು. ಅದು ಸೂಜಿ ಡಬ್ಬಿ ದಾಟಿ, ಸೀಮೆಸುಣ್ಣ ತುಳಿದು, ಮೇಜಿನ ಅಂಚಿನಿಂದ ಹಾರಿ, ಒಬ್ಬ ಮದುಮಗನ ಕೋಟಿನ ಜೇಬಿಗೆ ತಲೆಕೆಳಗಾಗಿ ಬಿತ್ತು. ಒಳಗೂ ಸ್ವಲ್ಪ ಹೊತ್ತು ಟಿಕ್ ಟಿಕ್ ಎನ್ನುತ್ತಿತ್ತು.

ಸದಾನಂದರು ಜೇಬಿನಿಂದ ಹಲ್ಲುಚಕ್ರ ಹೆಕ್ಕುತ್ತಾ ಹೇಳಿದರು: "ತೊಂದ್ರೆ ಇಲ್ಲ. ನಂದು ಅಂದಾಜಿನ ಸೊಟ್ಟ, ನಿಮ್ದು ಅಳತೆಯ ಸೊಟ್ಟ. ಅದೇ ವ್ಯತ್ಯಾಸ. ಅಕ್ಕ, ಚಿತ್ರದುರ್ಗದ ಗುಡ್ಡದ ಮೇಲೆ ನಿಜವಾದ ಗಾಳಿಯಂತ್ರ ಇದ್ಯಂತೆ. ಮುಂದಿನ ತಿಂಗಳು ಹೋಗುವ. ನೀವು ಮೇಲೆ ಹತ್ತಿ ಅಳೀಬೇಕು."

ಅವತ್ತೇ ಹೇಳಬೇಕೆಂದು ಬಾಯಿ ತೆರೆದೆ. ಅಣ್ಣ ನನ್ನ ಬಾಯಿಗೆ ಒಂದು ಹೋಳಿಗೆ ಇಟ್ಟ. ನನಗೆ ಹೋಳಿಗೆ ಎಂದರೆ ಪ್ರಾಣ. ಸತ್ಯ ಮತ್ತೆ ಒಳಗೆ ಹೋಯಿತು.

ದೀಪಾವಳಿ ಕಳೆದ ಮೇಲೆ ದೋಣಿ ಒಪ್ಪಿಸುವ ದಿನ ಬಂತು. ಅಣ್ಣ, ಸದಾನಂದರು, ನಾನು, ನಮ್ಮನೆಯವರು, ನಾಲ್ಕೂ ಜನ ಕಮ್ಮರಡಿ ಬಸ್ಸು ಹತ್ತಿದೆವು. ದೋಣಿಯನ್ನು ಹೊಸ ಪಂಚೆಯಲ್ಲಿ ಸುತ್ತಿ ಅಣ್ಣ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಕಂಡಕ್ಟರ್ ಬಗ್ಗಿ ನೋಡಿ, "ಬಾಳೆಗೊನೆ ಸೀಟಿನ ಕೆಳಗೆ ಇಡಿ ಮಾರಾಯ್ರೆ" ಎಂದ. ಅಣ್ಣ ಆ ಕಂಡಕ್ಟರನನ್ನು ನೋಡಿದ ನೋಟಕ್ಕೆ ಅವನು ಮುಂದಿನ ಸ್ಟಾಪಿನವರೆಗೆ ವಿಸಿಲ್ ಹೊಡೆಯಲಿಲ್ಲ. ನಮ್ಮನೆಯವರು ನನ್ನ ಕಿವಿಯಲ್ಲಿ, "ನನ್ನ ಕುತ್ತಿಗೆ ಜೋಪಾನವಾಗಿ ಹೋಗ್ತಾ ಇದೆ ನೋಡು" ಎಂದರು. ನಾನು ಚಿವುಟಿದೆ.

ದುಗ್ಗಪ್ಪಣ್ಣ ಶುಭ್ರವಾದ ಅಂಗಿ ತೊಟ್ಟು ಕಾಯುತ್ತಿದ್ದರು. ಟಿವಿಯ ಪಕ್ಕ ಒಂದು ಸ್ಟೂಲು ಖಾಲಿ ಮಾಡಿ, ಮೇಲೆ ಕಸೂತಿಯ ಬಟ್ಟೆ ಹಾಸಿಟ್ಟಿದ್ದರು. ಅಣ್ಣ ಪಂಚೆ ಬಿಚ್ಚಿದ. ಮುದುಕರು ಮೊದಲು ಮೊಳೆಗಳನ್ನು ಮುಟ್ಟಿದರು, ಹಲಗೆ ಸವರಿದರು. "ಎಂಥ ಕೈ ಮಾರಾಯ ನಿಂದು!" ಎಂದರು. ಆಮೇಲೆ ಒಂದು ಕಣ್ಣು ಮುಚ್ಚಿ, ಹಿಂದಿನಿಂದ ಮುಂದಕ್ಕೆ ಗುರಿ ಹಿಡಿದು ನೋಡಿದರು.

"ಇದು ಸ್ವಲ್ಪ ಬಲಕ್ಕೆ ತಿರುಗಿದಂಗೆ ಕಾಣ್ತದಲ್ಲ?"

"ನಿಮ್ದು ಹಾಗೇ ಇತ್ತಲ್ಲ ದುಗ್ಗಪ್ಪಣ್ಣ. ಎಡಕ್ಕೆ ಇಪ್ಪತ್ತೊಂದಡಿ, ಬಲಕ್ಕೆ ಹತ್ತೊಂಬತ್ತೂವರೆ. ನಮ್ಮ ಸರೋಜ ನೀರಲ್ಲಿ ನಿಂತು ಅಳೆದಿದ್ದಾಳೆ."

ಮುದುಕರು ನನ್ನ ಕಡೆ ನೋಡಿದರು. ನಾನು ಸೀಲಿಂಗಿನ ಕಡೆ ನೋಡಿದೆ.

"ಅಳೆದೇ ಹೇಳಿದ್ದಾಳೆ ಅಂದ್ರೆ ಸರಿಯೇ ಇರ್ಬೇಕು" ಎಂದು ಮೆಲ್ಲಗೆ ಕೂತರು. "ಮೂವತ್ತು ವರ್ಷ ನಂಗೆ ಗೊತ್ತೇ ಆಗ್ಲಿಲ್ವಲ್ಲ! ಬಸುರಿ ಹೆಂಗಸ್ರನ್ನ ಕೂರಿಸ್ಕೊಂಡು ಹೋಗಿದೀನಿ, ಶಾಲೆ ಮಕ್ಕಳನ್ನ ಕೂರಿಸ್ಕೊಂಡು ಹೋಗಿದೀನಿ. ಸೊಟ್ಟ ದೋಣೀಲಾ?"

ಕಾಫಿ ತಂದ ಮಗಳು ಸಮಾಧಾನ ಹೇಳಿದಳು: "ಹೋಗ್ಲಿ ಬಿಡಪ್ಪ, ಯಾರೂ ಮುಳುಗ್ಲಿಲ್ವಲ್ಲ."

"ಅದು ಅವರ ಪುಣ್ಯ, ನನ್ನ ಕೆಲಸ ಅಲ್ಲ." ಅವರು ದೋಣಿಯ ಮೇಲೆ ಪಂಚೆ ಎಳೆದರು. "ಇದನ್ನ ಒಳಗಿಡು ಮಗಾ. ಕಣ್ಣೆದುರು ಬೇಡ."

ಆರು ತಿಂಗಳಿಂದ ಒಳಗಿದ್ದು, ದಸರಾದಿಂದ ಹೋಳಿಗೆಯ ಜೊತೆ ಕೂತಿದ್ದ ಸತ್ಯ ಆಗ ಎದ್ದಿತು. ಕಾಫಿಯೂ ಸೇರಿ ನೆತ್ತಿಗೇರಿತು. ಕೆಮ್ಮುತ್ತಲೇ ಕಿರುಚಿದೆ: "ನಿಮ್ಮ ದೋಣಿ ಸೊಟ್ಟ ಅಲ್ಲ ದುಗ್ಗಪ್ಪಣ್ಣ! ಅದು ನಮ್ಮ ಗಿರಣಿ ಜಗಲಿ! ಬಲಗಡೆ ರಾಗಿ ಮೂಟೆ ಅಡ್ಡ ಇತ್ತು! ಮೂತಿ ನಮ್ಮನೆಯವರ ಕುತ್ತಿಗೆ!"

ಎಲ್ಲರೂ ನಮ್ಮನೆಯವರ ಕುತ್ತಿಗೆ ನೋಡಿದರು. ಅವರು ಕಾಲರ್ ಸರಿಮಾಡಿಕೊಂಡರು.

ಹಪ್ಪಳದಿಂದ ಹಿಡಿದು ವಿಷದ ಸೊಸೆಯವರೆಗೆ ಎಲ್ಲವನ್ನೂ ಒದರಿದೆ. ದುಗ್ಗಪ್ಪಣ್ಣ ಮೊಣಕಾಲು ಮರೆತು ಎದ್ದು ನಿಂತರು. "ಹಂಗಾದ್ರೆ ನಂದು ನೇರ ಇತ್ತು! ಕೇಳಿದ್ಯೇನೇ ಮಗಾ, ನೇರ ಇತ್ತಂತೆ!" ಎಂದು ಹೊಟ್ಟೆ ಹಿಡಿದು ನಕ್ಕರು. "ಅಲ್ಲ ಮಾರಾಯ್ರೆ, ನನ್ನ ದೋಣಿ ಅಳತೆ ನನ್ನ ಕೈಗೆ ಗೊತ್ತಿಲ್ವಾ? ಕಣ್ಣು ಮುಚ್ಚಿ ಹೇಳ್ತಿದ್ದೆ. ನನ್ನೇ ಕೇಳ್ಬಾರ್ದಿತ್ತಾ?"

ಅದು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ನಗು ಮುಗಿದಾಗ ನೋಡಿದರೆ ಅಣ್ಣ ಒಳಗಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿದ್ದ. ನಮ್ಮನೆಯವರು ನನ್ನನ್ನು ಬಾಗಿಲಿನವರೆಗೆ ತಳ್ಳಿಕೊಂಡು ಬಂದು ಬಿಟ್ಟರು. ನಮ್ಮ ಕಡೆ ಅಣ್ಣ ತಂಗಿ ಬಾಯಿಬಿಟ್ಟು ಕ್ಷಮೆ ಕೇಳುವುದಿಲ್ಲ. ಜಗಳವಾದರೆ ಮಾರನೇ ದಿನ ಒಂದು ಲೋಟ ಕಾಫಿ ಕೊಟ್ಟರೆ ಮುಗಿಯಿತು. ನಾನು ಕಾಫಿ ಲೋಟ ಚಾಚಿದೆ. ಅವನು ಕೈ ಚಾಚಲಿಲ್ಲ. ಬೆರಳಿನ ಸುಟ್ಟ ಕಲೆ ಇನ್ನೂ ಹಾಗೇ ಇತ್ತು.

"ಅವರನ್ನ ನಾನು ಯಾಕೆ ಕೇಳ್ಲಿಲ್ಲ ಗೊತ್ತಾ?" ಎಂದ. "ನೀನು ಅಳೆದಿದ್ದೆ ಅಲ್ವಾ. ಊರೆಲ್ಲ ಸೊಟ್ಟ ಅಂದ್ರು. ನನ್ನ ಕಣ್ಣೂ ಸೊಟ್ಟ ಅಂತು. ನಾನು ನಂಬಿದ್ದು ನಿನ್ನ."

ಬೈದಿದ್ದರೆ ಸುಲಭವಿತ್ತು. ಲೋಟ ಕೆಳಗಿಟ್ಟೆ. ನಲವತ್ತಮೂರು ವರ್ಷದ ಹೆಂಗಸು ನಾನು, ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದೆ. ಮೂರನೇ ಸಲ ಏನೋ ಗೊಣಗಿದೆ.

"ಕೇಳಿಸ್ಲಿಲ್ಲ" ಎಂದ ಅಣ್ಣ.

"ಇಲ್ಲಿಗೂ ಕೇಳಿಸ್ಲಿಲ್ಲ ಅಕ್ಕ!" ಎಂದು ಒಳಗಿನಿಂದ ಸದಾನಂದರ ದನಿ ಬಂತು.

ಅಣ್ಣನ ಹೆಗಲು ಸಣ್ಣಗೆ ಕುಲುಕಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಹಿಂದಿನಿಂದ ತಿಳಿಯಲಿಲ್ಲ. ಇನ್ನು ಮಾನ ಉಳಿಸಿಕೊಂಡು ಪ್ರಯೋಜನವಿಲ್ಲ ಎಂದು ಎದೆ ತುಂಬ ಉಸಿರು ತೆಗೆದುಕೊಂಡೆ. ಪಕ್ಕದ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ನೋಡುವ ಹಾಗೆ, ಕಮ್ಮರಡಿಯ ಬಸ್‌ಸ್ಟಾಪಿನಲ್ಲಿ ನಿಂತವರೆಲ್ಲ ತಿರುಗುವ ಹಾಗೆ, ಕೂಗಿ ಹೇಳಿದೆ:

"ತಪ್ಪಾಯ್ತು ಅಣ್ಣಾ! ಸೋಮಾರಿತನ ಮಾಡ್ದೆ, ಸುಳ್ಳು ಹೇಳ್ದೆ, ನಿನ್ನ ಕೈ ಸುಡಿಸ್ದೆ. ನಂದೇ ತಪ್ಪು. ನನ್ನ ಕ್ಷಮಿಸು!"